ಕುಕ್ಕರಿಗೆ ಹೋದರೂ ಸ್ಲೈಡ್ ಬಿಡದ ಸೆಕ್ಷನ್: ನಾಲ್ಕು ಅಂಟುಗಳ ಹೋಲಿಕೆ

ಕುಕ್ಕರಿನ ಮುಚ್ಚಳ ತೆಗೆದಾಗ ಬಫರಿನ ಮೇಲೆ ಹಾಲಿನ ಕೆನೆಯಂಥ ತೆಳು ಚೂರೊಂದು ತೇಲುತ್ತಿತ್ತು. ಸ್ತನದ ಗಡ್ಡೆಗೆ ಸೂಜಿ ಹಾಕಿ ತೆಗೆದ ಬಯಾಪ್ಸಿಯ ಸೆಕ್ಷನ್ ಅದು, ಅಂದರೆ ಗಾಜಿನ ಸ್ಲೈಡಿಗೆ ಅಂಟಿಸಿದ ತೆಳು ಪದರ. ಇಆರ್–ಪಿಆರ್ ಎಂಬ ಹಾರ್ಮೋನ್ ಗ್ರಾಹಕಗಳನ್ನು ನೋಡಲು ಇಟ್ಟಿದ್ದೆ. ಈ ಇಮ್ಯುನೋ, ಅಂದರೆ ಪ್ರತಿಕಾಯ ಬಳಸುವ ಪರೀಕ್ಷೆಗೆ ಮೊದಲು ಸ್ಲೈಡನ್ನು ಬಫರಿನಲ್ಲಿ ಮುಳುಗಿಸಿ ಕುಕ್ಕರಿನಲ್ಲಿ ಕುದಿಸುತ್ತೇವೆ. ಅಂಗಾಂಶ ಹುದುಗಿಸಿದ ಮೇಣದ ಬ್ಲಾಕಿನಲ್ಲಿ ಉಳಿದಿದ್ದುದು ಇನ್ನೆರಡು ಮೂರು ಸೆಕ್ಷನ್‌ಗೆ ಆಗುವಷ್ಟು. ಅದೂ ಹೋಗಿದ್ದರೆ ಆ ತಾಯಿಗೆ ಮತ್ತೊಮ್ಮೆ ಸೂಜಿ ಚುಚ್ಚಬೇಕಿತ್ತು. ಆಮೇಲೆ ನಾನು ಸೆಕ್ಷನ್ ಸ್ಲೈಡ್ ಬಿಡದಂತೆ ಹಿಡಿಯುವ ಅಂಟುಗಳ ಹಿಂದೆಯೇ ಬಿದ್ದೆ.

ನಮ್ಮದು ಕರಾವಳಿಯ ಚಿಕ್ಕ ಪೆಥಾಲಜಿ ಲ್ಯಾಬ್. ಮೊಟ್ಟೆಯ ಬಿಳಿ, ಪಾಲಿ–ಎಲ್–ಲೈಸಿನ್, ನಾವೇ ಲೇಪಿಸುವ ಸೈಲೇನ್, ಧನ ವಿದ್ಯುದಂಶ ಕೊಟ್ಟೇ ಮಾರುವ ಚಾರ್ಜ್ಡ್ ಸ್ಲೈಡ್, ಈ ನಾಲ್ಕರ ಮೇಲೂ ಒಂದೇ ಬ್ಲಾಕ್‌ಗಳ ಸೆಕ್ಷನ್ ಹಾಕಿ ನೋಡಿದೆ. ಕೊಬ್ಬು ಹೆಚ್ಚಿದ ಸ್ತನ, ಚರ್ಮ, ಸುಣ್ಣ ಕರಗಿಸಿದ ಮೂಳೆ: ಎದ್ದುಹೋಗುವುದರಲ್ಲಿ ಈ ಮೂರೂ ಮುಂದು. ಎಲ್ಲ ಸೆಕ್ಷನ್ 4 ಮೈಕ್ರಾನ್, ಅವನ್ನು ತೇಲಿಬಿಟ್ಟು ಸ್ಲೈಡಿಗೆ ಎತ್ತಿಕೊಳ್ಳುವ ಬಿಸಿನೀರಿನ ತೊಟ್ಟಿ (ವಾಟರ್ ಬಾತ್) ಒಂದೇ.

ಮೊಟ್ಟೆಯ ಬಿಳಿಗೆ ಅಷ್ಟೇ ಗ್ಲಿಸರಿನ್ ಸೇರಿಸಿ ಸೋಸುವುದು 1883ರಲ್ಲಿ ಪಾಲ್ ಮೇಯರ್ ಹೇಳಿಕೊಟ್ಟ ಕ್ರಮ. ಕೆಡದಂತೆ ನಾವು ಒಂದು ಹರಳು ಥೈಮಾಲ್ ಹಾಕುತ್ತೇವೆ. ಖರ್ಚು ಇಲ್ಲವೆಂದೇ ಹೇಳಬಹುದು. ದಿನನಿತ್ಯದ ಹೆಚ್ ಅಂಡ್ ಇ (ಹೆಮಟಾಕ್ಸಿಲಿನ್–ಇಯೋಸಿನ್) ಬಣ್ಣಕ್ಕೆ ಇದು ಇವತ್ತಿಗೂ ಸಾಕು. ಕೈ ಸ್ವಲ್ಪ ಭಾರವಾದರೆ ಮಾತ್ರ ಇಯೋಸಿನ್ ಹೀರಿಕೊಂಡು ಗಾಜೆಲ್ಲ ಗುಲಾಬಿಯಾಗುತ್ತದೆ. ಬೆರಳಲ್ಲಿ ಸವರುವ ಅಭ್ಯಾಸ ಇನ್ನೂ ಕೆಟ್ಟದ್ದು, ನಮ್ಮ ಚರ್ಮದ ಜೀವಕೋಶಗಳೇ ರೋಗಿಯ ಸ್ಲೈಡ್ ಸೇರುತ್ತವೆ. ಮಳೆಗಾಲದಲ್ಲಿ ನಮ್ಮ ಬಾಟಲಿಗೆ ಬೂಷ್ಟು ಹಿಡಿದಿತ್ತು. ಅದೇ ಅಂಟು ಸವರಿದ ಸ್ಲೈಡಿಗೆ ಫಂಗಸ್ ಹುಡುಕುವ ಪಿಎಎಸ್ ಬಣ್ಣ ಹಾಕಿದಾಗ ಫಂಗಸ್ ಎಳೆಗಳು ಕಾಣಿಸಿದವು. ಅವು ಅಂಗಾಂಶದ ಒಳಗಿಲ್ಲ, ಗಾಜಿನ ಮಟ್ಟದಲ್ಲಿವೆ ಎಂದು ಫೋಕಸ್ ತಿರುಗಿಸಿ ಪತ್ತೆ ಹಚ್ಚಿದವರು ನಮ್ಮ ಡಾಕ್ಟರ್ ಮೇಡಂ. ಅಂದಿನಿಂದ ಅದನ್ನು ಫ್ರಿಜ್‌ನಲ್ಲಿಟ್ಟು, ಸಣ್ಣ ಬಾಟಲಿಯಷ್ಟೇ ಮಾಡಿಕೊಳ್ಳುತ್ತೇವೆ. ಕುಕ್ಕರಿಗಂತೂ ಇದು ನಿಲ್ಲುವುದಿಲ್ಲ. ಮೂಳೆ ಪೂರ್ತಿ ಹೋಯಿತು, ಸ್ತನ ಅರ್ಧ ಮಡಚಿಕೊಂಡಿತು.

ಪಾಲಿಲೈಸಿನ್ ಮೇಲೆ ನನಗೆ ಬಹಳ ಭರವಸೆಯಿತ್ತು. ಗಾಜಿಗೂ ಅಂಗಾಂಶಕ್ಕೂ ಋಣ ವಿದ್ಯುದಂಶ. ನಡುವೆ ಧನ ವಿದ್ಯುದಂಶದ ಪದರವೊಂದು ಬಂದರೆ ಎರಡೂ ಅದಕ್ಕೆ ಅಂಟುತ್ತವೆ. ಶೇ 0.1ರ ದ್ರಾವಣವನ್ನು ಒಂದಕ್ಕೆ ಹತ್ತರಂತೆ ತೆಳುಮಾಡಿ, ಐದು ನಿಮಿಷ ಅದ್ದಿ ಒಣಗಿಸಿದರಾಯಿತು. ಕುಕ್ಕರಿನಲ್ಲಿ ಪಿಹೆಚ್ 6ರ ಸಿಟ್ರೇಟ್ ಬಫರಿಗೆ ಚೆನ್ನಾಗಿಯೇ ನಿಂತಿತು. ಪಿಹೆಚ್ 9ರ ಟ್ರಿಸ್–ಇಡಿಟಿಎ ಬಫರಿಗೆ ಹಾಕಿದಾಗ ಚರ್ಮದ ಅಂಚುಗಳು ಎದ್ದವು. ನಾವು ತರಿಸುವ ಬಾಟಲಿ ದುಬಾರಿ, ತಂಪಿನಲ್ಲೇ ಇಡಬೇಕು, ಬೆಂಗಳೂರಿಂದ ಬಸ್ ಪಾರ್ಸೆಲ್‌ನಲ್ಲಿ ಬರುವಷ್ಟರಲ್ಲಿ ಐಸ್ ಪ್ಯಾಕ್ ನೀರಾಗಿರುತ್ತದೆ. ನಮ್ಮಂಥ ಊರಿಗೆ ಇದು ಒಗ್ಗುವುದಿಲ್ಲ.

ನಾನು ಮೆಚ್ಚಿದ್ದು ಸೈಲೇನ್, ಅಂದರೆ ಎಪಿಇಎಸ್ (ಅಮೈನೊಪ್ರೊಪೈಲ್‌ಟ್ರೈಇಥಾಕ್ಸಿಸೈಲೇನ್). ಪಾಲಿಲೈಸಿನ್ ಗಾಜಿನ ಮೇಲೆ ಬರೀ ಕೂತಿರುತ್ತದೆ. ಇದು ಗಾಜಿನ ಸಿಲಿಕಾ ಜೊತೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುತ್ತದೆ, ಆದ್ದರಿಂದ ಕುದಿದರೂ ಬಿಡುವುದಿಲ್ಲ. 200 ಮಿ.ಲೀ. ಅಸಿಟೋನಿಗೆ 4 ಮಿ.ಲೀ. ಸಾಕು. ಸ್ಲೈಡನ್ನು ಮೊದಲು ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು, ನಾವು ಹೊಸ ಡಬ್ಬದ ಸ್ಲೈಡನ್ನೂ ತೊಳೆಯುತ್ತೇವೆ. ದ್ರಾವಣದಲ್ಲಿ ಅದ್ದಿ, ಬರೀ ಅಸಿಟೋನಿನಲ್ಲಿ ಎರಡು ಸಲ, ಡಿಸ್ಟಿಲ್ಡ್ ವಾಟರಿನಲ್ಲಿ ಒಂದು ಸಲ ಜಾಲಿಸಿ, 37 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸುತ್ತೇವೆ. ಅಸಿಟೋನ್ ಬೆಂಕಿಗೆ ಹತ್ತಿರದ ಬಂಧು. ಸ್ಪಿರಿಟ್ ಲ್ಯಾಂಪ್ ಆರಿಸಿ, ಕಿಟಕಿ ತೆರೆದು, ಗ್ಲೌಸ್ ಹಾಕಿಯೇ ಈ ಕೆಲಸ. ಮೂರೂ ಅಂಗಾಂಶ ಎರಡೂ ಬಫರಿನಲ್ಲಿ ಉಳಿದವು, ಮೂಳೆಯ ಒಂದು ಮೂಲೆ ಬಿಟ್ಟರೆ.

ಇದರ ಶತ್ರು ತೇವ. ಜುಲೈನಲ್ಲಿ ಬಾಟಲಿ ತೆರೆದಿಟ್ಟುಕೊಂಡು ಕೆಲಸ ಮಾಡಿದ್ದಕ್ಕೆ ಒಳಗೆಲ್ಲ ಬಿಳಿ ಕಣ ಕಟ್ಟಿತ್ತು. ಅಂಥದ್ದನ್ನು ಸೋಸಿ ಬಳಸಲು ಹೋಗಬೇಡಿ, ಚೆಲ್ಲಿಬಿಡಿ.

ಚಾರ್ಜ್ಡ್ ಸ್ಲೈಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಡಿತದಲ್ಲಿ ಇದೇ ಮೊದಲು, ಮೂಳೆಯೂ ಅಲ್ಲಾಡಲಿಲ್ಲ. ಆದರೆ ಮಾಮೂಲಿ ಸ್ಲೈಡಿನ ಹಲವು ಪಟ್ಟು ಬೆಲೆ, ಬೇಕಾದಾಗ ಸ್ಟಾಕ್ ಇರುವುದಿಲ್ಲ. ಬಳಸುವಾಗ ಎರಡು ಎಚ್ಚರ. ವಾಟರ್ ಬಾತಿಗೆ ಜೆಲಟಿನ್ ಹಾಕುವ ಹಳೆಯ ರೂಢಿ ಇದ್ದರೆ ಬಿಡಿ, ಅದು ಆ ವಿದ್ಯುದಂಶವನ್ನೇ ಮುಚ್ಚುತ್ತದೆ. ಸೆಕ್ಷನ್ ಮುಟ್ಟಿದ ಕಡೆಯೇ ಕಚ್ಚಿಕೊಳ್ಳುವುದರಿಂದ ಆಮೇಲೆ ಸರಿಸಲಾಗದು, ಅಡಿಯಲ್ಲಿ ನೀರು ಸಿಕ್ಕಿಕೊಳ್ಳುತ್ತದೆ. ಸ್ಲೈಡನ್ನು ನೆಟ್ಟಗೆ ನಿಲ್ಲಿಸಿ ನೀರು ಪೂರ್ತಿ ಬಸಿಯಲು ಬಿಡಿ.

ಈಗ ನಮ್ಮಲ್ಲಿ ಹೆಚ್ ಅಂಡ್ ಇಗೆ ತೆಳುವಾಗಿ ಮೊಟ್ಟೆಯ ಬಿಳಿ, ಇಮ್ಯುನೋಗೆ ಸೈಲೇನ್. ಸೂಜಿ ಬಯಾಪ್ಸಿ ಮತ್ತು ಮೂಳೆಗೆ ಮಾತ್ರ ಚಾರ್ಜ್ಡ್, ಅಲ್ಲಿ ನಾನು ಕಾಸು ನೋಡುವುದಿಲ್ಲ. ಅವಸರದ ದಿನ ಓವನ್‌ನಲ್ಲಿ 15 ನಿಮಿಷಕ್ಕೇ ತೆಗೆದ ಚಾರ್ಜ್ಡ್ ಸ್ಲೈಡಿನಿಂದಲೂ ಸೆಕ್ಷನ್ ಎದ್ದದ್ದನ್ನು ಕಂಡಿದ್ದೇನೆ. ಹಾಗಾಗಿ ಯಾವ ಅಂಟೇ ಇರಲಿ, 60 ಡಿಗ್ರಿಯಲ್ಲಿ ಒಂದು ಗಂಟೆ. ರಿಪೋರ್ಟ್ ಬೇಗ ಬೇಕೆಂದು ಫೋನ್ ಬಂದರೂ ಅಷ್ಟು ಹೊತ್ತು ಕಾಯಿರಿ ಎನ್ನುತ್ತೇನೆ.