ಸೆಟುಕ್ಸಿಮ್ಯಾಬಾ, ಬೆವಾಸಿಜುಮ್ಯಾಬಾ?

ದೊಡ್ಡ ಕರುಳಿನ ಕ್ಯಾನ್ಸರ್ ಬೇರೆ ಕಡೆ ಹರಡಿದಾಗ ಕೀಮೋ ಜೊತೆಗೆ ಸಾಮಾನ್ಯವಾಗಿ ಈ ಎರಡು ಔಷಧಿಗಳ ಹೆಸರು ಕೇಳಿಬರುತ್ತದೆ. ಎರಡಕ್ಕೂ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2004ರ ಫೆಬ್ರವರಿಯಲ್ಲೇ. ಕೆಲಸ ಮಾತ್ರ ಬೇರೆ ಬೇರೆ.

ಗಡ್ಡೆ ವಿಇಜಿಎಫ್ ಎಂಬ ರಾಸಾಯನಿಕ ಸಂದೇಶ ಕಳಿಸಿ ಹೊಸ ರಕ್ತನಾಳಗಳನ್ನು ಕರೆಸಿಕೊಳ್ಳುತ್ತದೆ. ಬೆವಾಸಿಜುಮ್ಯಾಬ್ ಆ ಸಂದೇಶವನ್ನೇ ದಾರಿಯಲ್ಲಿ ಹಿಡಿದುಬಿಡುತ್ತದೆ. ಸೆಟುಕ್ಸಿಮ್ಯಾಬ್ ಹಾಗಲ್ಲ. 'ಬೆಳೆ' ಅನ್ನುವ ಸಂದೇಶ ಬಂದು ಕೂರುವ ಇಜಿಎಫ್‌ಆರ್ ಎಂಬ ಬಾಗಿಲಿಗೇ ಬೀಗ ಹಾಕುತ್ತದೆ. ಆದರೆ ಒಳಗಿನ ರಾಸ್ ಜೀನ್ ಕೆಟ್ಟಿದ್ದರೆ ಬೀಗ ಹಾಕಿ ಏನು ಬಂತು? ಒಳಗೆ ಗಂಟೆ ಹೊಡೆಯುತ್ತಲೇ ಇರುತ್ತದೆ. ಸುಮಾರು ಅರ್ಧದಷ್ಟು ರೋಗಿಗಳ ಕಥೆ ಇದೇ. ಅದಕ್ಕೇ ರಾಸ್, ಬಿರಾಫ್ (ಇದೂ ಅಂಥದ್ದೇ ಇನ್ನೊಂದು ಜೀನ್) ಟೆಸ್ಟ್ ವರದಿ ಕೈಗೆ ಬರುವ ಮೊದಲೇ ಸೆಟುಕ್ಸಿಮ್ಯಾಬ್‌ಗೆ ಅವಸರ ಬೇಡ. ಸುಮ್ನೆ ದುಡ್ಡು ದಂಡ, ಮೈಗೂ ಕಷ್ಟ ಅಲ್ವಾ?

ವರದಿಯಲ್ಲಿ ಎರಡೂ ಜೀನ್ ಸರಿಯಿದ್ದು, ಗಡ್ಡೆ ಕರುಳಿನ ಎಡಗಡೆ ಇದ್ದರೆ (ಗುದನಾಳವೂ ಎಡದ ಲೆಕ್ಕಕ್ಕೇ) ನನ್ನ ಒಲವು ಸೆಟುಕ್ಸಿಮ್ಯಾಬ್ ಕಡೆ. ಬಲಗಡೆಯಾದರೆ ಬೆವಾಸಿಜುಮ್ಯಾಬ್.

ಸೆಟುಕ್ಸಿಮ್ಯಾಬ್ ತೆಗೆದುಕೊಂಡರೆ ಮುಖ, ಎದೆಯ ಮೇಲೆ ಮೊಡವೆಯಂಥ ಗುಳ್ಳೆಗಳು ಏಳುತ್ತವೆ. ನೋಡೋಕೆ ಬೇಜಾರು, ಆದರೆ ಔಷಧಿ ತಾಗುತ್ತಿದೆ ಅನ್ನೋದಕ್ಕೆ ಅದೂ ಒಂದು ಸುಳಿವು. ಬೆವಾಸಿಜುಮ್ಯಾಬ್‌ನಲ್ಲಿ ಬಿಪಿ ಏರಬಹುದು, ಗಾಯ ಬೇಗ ಮಾಯುವುದಿಲ್ಲ. ಆಪರೇಷನ್ ಇದ್ದರೆ ಕನಿಷ್ಠ 28 ದಿನ ಮೊದಲೇ ನಿಲ್ಲಿಸಬೇಕು.