ಅಂಗೈ ಅಗಲದ ಡೆತ್ ಸ್ಟಾರ್: ಈ ಸ್ಟೀಲ್ ಕಿಟ್ ತಗೊಳ್ಳಬಹುದಾ?

ಡೆತ್ ಸ್ಟಾರ್ ಅಂದರೆ 'ಸ್ಟಾರ್ ವಾರ್ಸ್' ಸಿನಿಮಾದಲ್ಲಿ ಕಿರಣ ಬಿಟ್ಟು ಗ್ರಹವನ್ನೇ ಒಡೆಯುವ, ಗೋಳದಂಥ ಬಾಹ್ಯಾಕಾಶ ನಿಲ್ದಾಣ. ಅದರ ಪುಟ್ಟ ಮಾದರಿ ಜೋಡಿಸುವ ಈ ಕಿಟ್ ಚೆನ್ನಾಗಿದೆ, ತಗೊಳ್ಳಿ. ಆದರೆ ಜೊತೆಗೆ ಬರುವ ಪುಸ್ತಿಕೆಯನ್ನಷ್ಟೇ ನಂಬಿ ಕೂರಬೇಡಿ. ನಿಜವಾದ ಡೆತ್ ಸ್ಟಾರ್ ಕಟ್ಟುವ ಲೆಕ್ಕ ಅದರಲ್ಲಿ ಅರ್ಧ ಮಾತ್ರ ಇದೆ.

ಬಳ್ಳಾರಿಯಲ್ಲಿ ನನ್ನದು ಫ್ಯಾಬ್ರಿಕೇಶನ್ ಶೆಡ್. ಗೇಟು, ಗ್ರಿಲ್ಲು, ಟ್ಯಾಂಕ್ ಸ್ಟ್ಯಾಂಡು ಮಾಡುತ್ತೇವೆ. ಒಂಬತ್ತನೇ ಕ್ಲಾಸಿನ ಮಗಳಿಗೆ ಅಂತ ಆರುನೂರು ಚಿಲ್ಲರೆ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದೆ. ಲೇಸರ್‌ನಲ್ಲಿ ಕತ್ತರಿಸಿದ ಎರಡು ಸ್ಟೇನ್‌ಲೆಸ್ ಹಾಳೆ ಬರುತ್ತವೆ. ಅಂಟು ಬೇಡ, ಬೆಸುಗೆ ಬೇಡ. ತುಂಡು ಬಿಡಿಸಿ, ಅದರ ಕಿವಿಯನ್ನು ತೂತಿಗೆ ಸಿಕ್ಕಿಸಿ ಮಡಚಿದರೆ ಆಯ್ತು. ಕಟಿಂಗ್ ಬಹಳ ನೀಟು. ಗೋಳದ ನಡುವಿನ ಕಾಲುವೆ, ಕಿರಣ ಹೊರಡುವ ತಟ್ಟೆ ಎರಡೂ ಸರಿಯಾಗಿ ಕೂರುತ್ತವೆ.

ತೊಂದರೆ ಇರುವುದು ಆ ಕಿವಿಗಳಲ್ಲಿ. ತೀರಾ ತೆಳು. ಮಡಚಿದ್ದನ್ನು ನೆಟ್ಟಗೆ ಮಾಡಿ ಮತ್ತೆ ಮಡಚಿದರೆ ಪಟ್ ಅಂತ ಮುರಿಯುತ್ತದೆ. ಮಡಚಿದ ಜಾಗದಲ್ಲಿ ಸ್ಟೀಲ್ ಗಡುಸಾಗುತ್ತದೆ, ಆಮೇಲೆ ಬಗ್ಗುವುದಿಲ್ಲ, ಬಿರುಕು ಬಿಡುತ್ತದೆ. ಗೋಳದ ಪಟ್ಟಿಗಳನ್ನೂ ಬೆರಳಲ್ಲಿ ಒತ್ತಬೇಡಿ. ದಪ್ಪ ಪೆನ್ನಿನ ಮೇಲಿಟ್ಟು ಮೆಲ್ಲಗೆ ಉರುಳಿಸಿ, ತಾನೇ ದುಂಡಗಾಗುತ್ತದೆ.

ಪುಸ್ತಿಕೆಯ ಕೊನೇ ಪುಟದಲ್ಲಿ, ನಿಜವಾದದ್ದನ್ನು ಕಟ್ಟಲು ಎಷ್ಟು ಸ್ಟೀಲ್ ಬೇಕು ಅಂತ ಇದೆ. 2012ರಲ್ಲಿ ಅಮೆರಿಕದ ಲೀಹೈ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹಾಕಿದ ಲೆಕ್ಕ ಅದು. ಅಡ್ಡಳತೆ 140 ಕಿ.ಮೀ. ಅಂದರೆ ಒಂದು ಅಂಚು ಬಳ್ಳಾರಿಯಲ್ಲಿದ್ದರೆ ಇನ್ನೊಂದು ರಾಯಚೂರು ದಾಟುತ್ತದೆ. ಬೇಕಾದ ಸ್ಟೀಲ್ ಸುಮಾರು 10.8 ಕೋಟಿ ಕೋಟಿ ಟನ್. ಆಗಿನ ಜಗತ್ತಿನ ಉತ್ಪಾದನೆಯಲ್ಲಿ 8 ಲಕ್ಷ ವರ್ಷಕ್ಕೂ ಜಾಸ್ತಿ ಹಿಡಿಯುತ್ತಿತ್ತು. ಈಗ ಜಗತ್ತು ವರ್ಷಕ್ಕೆ ಸುಮಾರು 190 ಕೋಟಿ ಟನ್ ಮಾಡುತ್ತದೆ, ಆದರೂ 5.7 ಲಕ್ಷ ವರ್ಷ ಬೇಕು. "ಸಂಡೂರಿನ ಅದಿರಿನ ಗುಡ್ಡ ಪೂರ್ತಿ ಅಗೆದು ತೋರಣಗಲ್ಲಿನ ಸ್ಟೀಲ್ ಕಾರ್ಖಾನೆಗೆ ಹಾಕಿದರೂ ಸಾಲಲ್ವಾ ಅಪ್ಪ?" ಅಂದಳು ಮಗಳು. ಎಲ್ಲಿ ಸಾಲುತ್ತೆ!

ಪುಸ್ತಿಕೆ ಇಲ್ಲಿಗೇ ನಿಲ್ಲಿಸುತ್ತದೆ. ನನಗೆ ಬೇಜಾರಾಗಿದ್ದು ಅದಕ್ಕೇ. ಸ್ಟೀಲ್ ದೊಡ್ಡ ಅಡ್ಡಿಯೇ ಅಲ್ಲ. ಸೈಕಿ ಎಂಬ ಕ್ಷುದ್ರಗ್ರಹದ ತೂಕವೇ ಇದರ 20 ಪಟ್ಟಿಗಿಂತ ಜಾಸ್ತಿ, ಅದರಲ್ಲಿ ಲೋಹವೂ ಬಹಳ ಇದೆ ಅನ್ನುತ್ತಾರೆ. ಅಲ್ಲಿಗೆ ನಾಸಾ 2023ರಲ್ಲಿ ನೌಕೆ ಕಳಿಸಿದೆ. ಭೂಮಿಯಿಂದ ಹೊರುವುದಾದರೆ ಮಾತ್ರ ಕಷ್ಟ: ನಮ್ಮ ಎಲ್‌ವಿಎಂ3 ರಾಕೆಟ್ ಕೆಳ ಕಕ್ಷೆಗೆ ಒಯ್ಯುವುದು ಸುಮಾರು 8 ಟನ್.

ನಿಜವಾದ ಅಡ್ಡಿ ಶಕ್ತಿ. ಭೂಮಿಯಂಥ ಗ್ರಹವನ್ನು ಒಡೆದು, ಚೂರುಗಳು ಮತ್ತೆ ಕೂಡದಂತೆ ದೂರ ತಳ್ಳಬೇಕು. ಅದಕ್ಕೆ 2ರ ಮುಂದೆ 32 ಸೊನ್ನೆ ಹಾಕಿದ್ದಕ್ಕಿಂತ ಜಾಸ್ತಿ ಜೂಲ್ ಬೇಕು. ಸೂರ್ಯ ಸುಮಾರು ಒಂದು ವಾರ ಹೊರಹಾಕುವ ಅಷ್ಟೂ ಶಕ್ತಿ! ನಮ್ಮ ಕುಡತಿನಿಯ 1700 ಮೆಗಾವಾಟ್ ವಿದ್ಯುತ್ ಸ್ಥಾವರ ಒಂದು ಕ್ಷಣವೂ ನಿಲ್ಲದೆ ಓಡಿದರೂ, ವಿಶ್ವದ ಈಗಿನ ವಯಸ್ಸಿನ ಮೂರು ಲಕ್ಷ ಪಟ್ಟು ಕಾಲ ಬೇಕು.

ಇನ್ನು ಬಿಸಿ. ನನ್ನ ವೆಲ್ಡಿಂಗ್ ಮೆಷಿನ್‌ಗೆ ಫ್ಯಾನ್ ಇದೆ. ಬಾಹ್ಯಾಕಾಶದಲ್ಲಿ ಗಾಳಿಯೇ ಇಲ್ಲ, ಬಿಸಿ ಬೆಳಕಿನ ಹಾಗೆ ಸೂಸಿಯೇ ಹೋಗಬೇಕು. ಆ ಶಕ್ತಿಯಲ್ಲಿ ನೂರಕ್ಕೆ ಒಂದು ಪಾಲು ಒಳಗೆ ಉಳಿದರೂ ಇಡೀ ಗೋಳದ ಸ್ಟೀಲ್ ಕರಗುವುದಿರಲಿ, ಆವಿಯಾಗಿಬಿಡುತ್ತದೆ. ಗುರಿ ಮುಟ್ಟುವ ಮೊದಲೇ ಹೊಡೆದವನೇ ಇರುವುದಿಲ್ಲ. ಇದನ್ನು ಕೇಳಿ ಮಗಳು ಕ್ಯಾಲ್ಕುಲೇಟರ್ ತಂದು, ಸುಮ್ನೆ ನಂಬದೆ, ಮೊದಲಿಂದ ಮತ್ತೆ ಲೆಕ್ಕ ಹಾಕಿದಳು. ಕಿಟ್‌ಗೆ ಕೊಟ್ಟ ದುಡ್ಡು ನನಗೆ ಅಲ್ಲೇ ವಸೂಲಾಯಿತು.

ತಯಾರಿಸುವವರು ಈ ಶಕ್ತಿಯ ಲೆಕ್ಕಕ್ಕೆ ಒಂದು ಪುಟ ಸೇರಿಸಲಿ, ಹೆಚ್ಚುವರಿ ನಾಲ್ಕು ಕಿವಿ ತುಂಡು ಕೊಡಲಿ. ಐದಕ್ಕೆ ನಾಲ್ಕು ಸ್ಟಾರ್. ಅಂಚು ಚೂಪಾಗಿದೆ, ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ. ಚೂಪು ಮೂತಿಯ ಇಕ್ಕಳ ಪ್ಯಾಕ್‌ನಲ್ಲಿ ಬರಲ್ಲ, ಬೇರೆ ತರಬೇಕು.