ಕೇಳಿ ಕೆಲಸಕ್ಕೆ ಕೈಹಾಕುವ ಗ್ಯಾರೇಜು: ಮಡಿಕೇರಿಯ ಒಂದು ಅನುಭವ

ಕಳೆದ ಜುಲೈಯಲ್ಲಿ ಸುಳ್ಯದ ನಂಟರ ಮನೆಗೆಂದು ಸಂಪಾಜೆ ಘಾಟಿ ಇಳಿಯುತ್ತಿದ್ದಾಗ, ಕೊಯನಾಡು ತಲುಪುವ ಮೊದಲೇ ನನ್ನ ಕಾರಿನ ಬ್ರೇಕ್ ಪೆಡಲ್ ಮೆತ್ತಗಾಗಿ, ಎಂದಿಗಿಂತ ಎರಡು ಬೆರಳಿನಷ್ಟು ಕೆಳಕ್ಕೆ ಹೋಗತೊಡಗಿತು. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಹಿಡಿದು ಹೇಗೋ ರಸ್ತೆಯ ಬದಿಗೆ ನಿಲ್ಲಿಸಿದೆ. ಅರ್ಧ ಗಂಟೆ ತಣಿದ ಮೇಲೆ ಪೆಡಲ್ ಮೊದಲಿನಂತಾಯಿತಾದರೂ ಮುಂದಕ್ಕೆ ಇಳಿಯುವ ಧೈರ್ಯವಾಗದೆ ಮಡಿಕೇರಿಗೇ ಹಿಂದಿರುಗಿದೆ. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಬೇರೊಂದು ಕಡೆ ಸರ್ವಿಸ್ ಮಾಡಿಸಿ, ‘ಬ್ರೇಕ್ ಕೆಲಸ’ ಎಂಬ ಎರಡೇ ಪದಗಳಿದ್ದ ಬಿಲ್ಲಿಗೆ ಹಣ ತೆತ್ತಿದ್ದೆ. ಯಾವ ಭಾಗ ತೆಗೆದರು, ಯಾವುದನ್ನು ಹಾಕಿದರು ಎಂದು ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಮರುದಿನ ಕಾರನ್ನು ನಮ್ಮ ಬಡಾವಣೆಯ ಈ ಗ್ಯಾರೇಜಿಗೆ ಒಪ್ಪಿಸಿದೆ. ಬೆಳಗ್ಗೆ ಹತ್ತಕ್ಕೆ ಬಿಟ್ಟ ಕಾರಿನ ಬಗ್ಗೆ ಹನ್ನೊಂದೂವರೆಗೆ ವಾಟ್ಸ್ಆ್ಯಪ್‌ನಲ್ಲಿ ಮೂರು ಚಿತ್ರಗಳು ಬಂದವು: ಸವೆದ ಬ್ರೇಕ್ ಪ್ಯಾಡ್, ಅದರ ಪಕ್ಕದಲ್ಲೇ ಹೊಸದು, ಮತ್ತು ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿದ್ದ ಬ್ರೇಕ್ ಆಯಿಲ್. ಹಿಂದೆಯೇ ಮಾಲೀಕರ ಕರೆ ಬಂತು. ನಾನು ನಿವೃತ್ತ ಶಿಕ್ಷಕಿಯಾದ್ದರಿಂದ ಊರಿನಲ್ಲಿ ಎಲ್ಲರಿಗೂ ಟೀಚರೇ. ‘ಟೀಚರ್, ಪ್ಯಾಡ್ ಇನ್ನು ಎರಡು ತಿಂಗಳು ಬಂದೀತು, ಅದನ್ನು ಈಗ ಬದಲಿಸುವುದೂ ಬಿಡುವುದೂ ನಿಮ್ಮ ಇಷ್ಟ. ಆಯಿಲ್ ಮಾತ್ರ ಇವತ್ತೇ ಬದಲಿಸಬೇಕು. ನೀವು ಹೂಂ ಎನ್ನದೆ ಮುಂದುವರಿಯುವುದಿಲ್ಲ’ ಎಂದರು.

ಕಾರಣವನ್ನೂ ಅವರೇ ವಿವರಿಸಿದರು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದ್ದರೆ, ತೇವ ಹೀರಿದ ಅದೇ ಆಯಿಲ್‌ಗೆ ಈ ಮಿತಿ 155 ಡಿಗ್ರಿಯಷ್ಟೇ. ಘಾಟಿಯಲ್ಲಿ ಬ್ರೇಕಿನ ಮೇಲೆಯೇ ಕಾಲಿಟ್ಟು ಇಳಿದಾಗ ಬಿಸಿಗೆ ಅದು ಕುದಿದು ಆವಿಯ ಗುಳ್ಳೆಗಳೇಳುತ್ತವೆ, ಪೆಡಲ್ ಒತ್ತಿದ ಬಲವೆಲ್ಲ ಆ ಗುಳ್ಳೆಗಳನ್ನು ಅದುಮುವುದರಲ್ಲೇ ಕಳೆದುಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ನಮ್ಮ ಊರಿನಲ್ಲಿ ಎರಡು ವರ್ಷಕ್ಕೊಮ್ಮೆಯಾದರೂ ಅದನ್ನು ಬದಲಿಸಬೇಕೆಂದೂ, ಇಳಿಜಾರಿನಲ್ಲಿ ಎರಡನೇ ಗೇರಿನಲ್ಲಿ ಎಂಜಿನ್ನಿನ ಹಿಡಿತದಿಂದಲೇ ಇಳಿಯಬೇಕೆಂದೂ ತಿಳಿಸಿದರು. ಮೂವತ್ತು ವರ್ಷಗಳಿಂದ ಕಾರು ಓಡಿಸುತ್ತಿರುವ ನನಗೆ ಇದನ್ನು ಈವರೆಗೆ ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ.

ಎರಡನ್ನೂ ಬದಲಿಸಲು ಒಪ್ಪಿದೆ. ಸಂಜೆ ಕಾರು ಪಡೆಯಲು ಹೋದಾಗ ಹಳೆಯ ಪ್ಯಾಡುಗಳನ್ನು ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಸೀಟಿನ ಕೆಳಗೆ ಇಟ್ಟಿದ್ದರು. ಬಿಲ್ಲಿನಲ್ಲಿ ಬಿಡಿಭಾಗದ ಬೆಲೆ, ಕೂಲಿ ಮತ್ತು ತೆರಿಗೆ ಬೇರೆಬೇರೆಯಾಗಿದ್ದವು, ಮೊತ್ತವೂ ಬೆಳಗ್ಗೆ ಹೇಳಿದ್ದಕ್ಕಿಂತ ಹೆಚ್ಚಿರಲಿಲ್ಲ. ಗ್ರಾಹಕರಿಗೆ ಸುದ್ದಿ ಮುಟ್ಟಿಸುವುದೆಂದರೆ ‘ನಿಮ್ಮ ವಾಹನ ನಮ್ಮಲ್ಲಿ ಸುರಕ್ಷಿತವಾಗಿದೆ’ ಎಂಬಂತಹ ಸಂದೇಶಗಳನ್ನು ಕಳಿಸುವುದಲ್ಲ. ನಾನು ಏನನ್ನಾದರೂ ತೀರ್ಮಾನಿಸಬೇಕಾದಾಗ, ಆ ತೀರ್ಮಾನಕ್ಕೆ ಬೇಕಾದಷ್ಟು ವಿವರದೊಡನೆ ಕೇಳುವುದೇ ನಿಜವಾದ ಸುದ್ದಿ, ಮತ್ತು ಇವರು ಮಾಡುವುದು ಅದನ್ನೇ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗಿ, ಅದರ ಹಿಂದೆಯೇ ಮೊಬೈಲ್ ನೆಟ್‌ವರ್ಕ್ ಕೂಡ ಇಲ್ಲವಾಗುವುದು ಇಲ್ಲಿ ಹೊಸದಲ್ಲ. ಅಂತಹ ದಿನಗಳಲ್ಲಿ ಗಾಳಿಬೀಡು ಕಡೆಯ ತೋಟದವರೊಬ್ಬರಿಗೆ ಖಾಸಗಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಚೀಟಿ ಕೊಟ್ಟು, ಸಂಜೆಯ ಬಸ್ಸಿನಲ್ಲಿ ಉತ್ತರ ತರಿಸಿಕೊಂಡದ್ದನ್ನು ನಾನೇ ನೋಡಿದ್ದೇನೆ.

ಊರಿನೊಂದಿಗೆ ಇವರಿಗಿರುವ ನಂಟಿನ ಬಗ್ಗೆಯೂ ಬರೆಯಲೇಬೇಕು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆಗಳಲ್ಲಿ ಗುಡ್ಡ ಕುಸಿದು, ಮಂಗಳೂರಿಗೆ ಹೋಗುವ ಹೆದ್ದಾರಿಯೇ ಮುಚ್ಚಿಹೋದಾಗ, ಪರಿಹಾರ ಕೇಂದ್ರಗಳಿಗೆ ಅಕ್ಕಿ, ಕಂಬಳಿ ಸಾಗಿಸುತ್ತಿದ್ದ ಜೀಪುಗಳಿಗೆ ಈ ಗ್ಯಾರೇಜು ಕೂಲಿ ಪಡೆಯದೆ ರಾತ್ರಿಯಿಡೀ ಕೆಲಸ ಮಾಡಿಕೊಟ್ಟಿತ್ತು. ಟಯರಿಗೆ ಪ್ಯಾಚ್ ಹಾಕುವುದು, ಕೆಸರಿನಿಂದ ಕಟ್ಟಿಕೊಂಡ ಬ್ರೇಕ್ ಡ್ರಮ್ ಬಿಚ್ಚಿ ತೊಳೆಯುವುದು, ಸುಟ್ಟ ಕ್ಲಚ್ ಪ್ಲೇಟ್ ಬದಲಿಸುವುದು, ಹೀಗೆ ಬಿಡುವಿಲ್ಲದ ಕೆಲಸವದು. ಆಗ ಬೆಳೆದ ಅಭ್ಯಾಸವೋ ಏನೋ, ಈಗಲೂ ಮಳೆಗಾಲದಲ್ಲಿ ಯಾವ ರಸ್ತೆಗೆ ಮರ ಬಿದ್ದಿದೆ, ಎಲ್ಲಿ ನೀರು ಹರಿಯುತ್ತಿದೆ ಎಂಬುದನ್ನು ಬಾಗಿಲ ಬಳಿಯ ಕಪ್ಪು ಹಲಗೆಯಲ್ಲಿ ಸೀಮೆಸುಣ್ಣದಿಂದ ಬರೆದಿಡುತ್ತಾರೆ. ರಿಪೇರಿಗೆ ಬಾರದವರೂ ನಿಂತು ಓದಿ ಹೋಗುತ್ತಾರೆ. ಮೇ ಕೊನೆಯ ವಾರದಲ್ಲಿ ಶಾಲಾ ವ್ಯಾನ್ ಮತ್ತು ಆಟೋಗಳ ಬ್ರೇಕ್, ವೈಪರ್, ದೀಪ, ಟಯರುಗಳನ್ನು ಉಚಿತವಾಗಿ ಪರೀಕ್ಷಿಸುತ್ತಾರೆ. ಟಯರಿನ ಗೀರಿನ ಆಳ ಸವೆದು 1.6 ಮಿಲಿಮೀಟರಿಗಿಂತ ಕಡಿಮೆಯಾಗಿದ್ದರೆ ಚಾಲಕನ ಕೈಗೇ ಅಳತೆಯ ಕಡ್ಡಿ ಕೊಟ್ಟು ತೋರಿಸುತ್ತಾರೆ. ಐಟಿಐ ಓದುವ ಹುಡುಗರಿಬ್ಬರು ರಜೆಯಲ್ಲಿ ಇಲ್ಲಿ ಕೆಲಸ ಕಲಿಯುತ್ತಾರೆ.

ಇದೆಲ್ಲಕ್ಕಿಂತ ನನ್ನ ಮನಸ್ಸಿಗೆ ಹಿಡಿಸಿದ್ದು ಹಳೆಯ ಎಂಜಿನ್ ಆಯಿಲ್ ಬಗ್ಗೆ ಅವರಿಗಿರುವ ಎಚ್ಚರ. ಬಳಸಿದ ಆಯಿಲ್ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ, ಅದನ್ನು ನೋಂದಾಯಿತ ಸಂಸ್ಕರಣಕಾರರಿಗೇ ಕೊಡಬೇಕು. ಆದರೂ ಅದನ್ನು ಚರಂಡಿಗೆ ಸುರಿಯುವ ಕೈಗಳು ಕಡಿಮೆಯಿಲ್ಲ. ನಮ್ಮ ಚರಂಡಿಯ ನೀರು ತೋಡು ಸೇರಿ, ತೋಡು ಹೊಳೆ ಸೇರಿ, ಕೊನೆಗೆ ಮುಟ್ಟುವುದು ಕಾವೇರಿಯನ್ನು. ಇವರು ಮುಚ್ಚಳವಿರುವ ಡ್ರಮ್ಮಿನಲ್ಲಿ ತುಂಬಿಟ್ಟು, ಸಾಗಿಸಿದ ದಿನವನ್ನೂ ಲೀಟರನ್ನೂ ಪುಸ್ತಕದಲ್ಲಿ ಬರೆದಿಡುತ್ತಾರೆ, ಕೇಳಿದವರಿಗೆ ತೋರಿಸುತ್ತಾರೆ.

ಕೊರತೆಗಳೂ ಇವೆ. ಅಕ್ಟೋಬರಿನಲ್ಲಿ ಮುಂದಿನ ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಲೋವರ್ ಆರ್ಮ್ ಬದಲಿಸಬೇಕಾದಾಗ, ಮೈಸೂರಿನಿಂದ ಎರಡು ದಿನದಲ್ಲಿ ಬರುತ್ತದೆಂದ ಬಿಡಿಭಾಗ ಐದು ದಿನ ತೆಗೆದುಕೊಂಡಿತು. ತಡವಾದದ್ದಕ್ಕೆ ನನಗೆ ಬೇಸರವಿಲ್ಲ. ಆದರೆ ಮೂರೂ ದಿನ ‘ಇನ್ನೂ ಬಂದಿಲ್ಲ’ ಎಂಬ ಒಂದೇ ಮಾತು ಬಂತೇ ಹೊರತು ಯಾವಾಗ ಬರುತ್ತದೆಂಬುದು ಬರಲಿಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಹೇಳಿದ್ದರೂ ಆಸ್ಪತ್ರೆಗೆ ಹೋಗಲು ಬೇರೆ ಗಾಡಿ ಗೊತ್ತುಮಾಡಿಕೊಳ್ಳುತ್ತಿದ್ದೆ. ಇದನ್ನು ಮಾಲೀಕರಿಗೆ ನೇರವಾಗಿ ಹೇಳಿದ್ದೇನೆ, ಅವರು ಒಪ್ಪಿಕೊಂಡರು. ಕಾಯುವವರಿಗೆ ಇರುವ ಬೆಂಚು ತಗಡಿನ ಮಾಡಿನ ಅಂಚಿನಲ್ಲಿರುವುದರಿಂದ ಜೋರು ಮಳೆಗೆ ಇರಚಲು ಹೊಡೆಯುತ್ತದೆ.

ಹೊಸದಾಗಿ ಹೋಗುವವರು ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮೊದಲೇ ಕರೆ ಮಾಡಿ ದಿನ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಕಾಫಿ ಕೊಯ್ಲಿನ ಆ ದಿನಗಳಲ್ಲಿ ಆಳುಗಳನ್ನೂ ಮೂಟೆಗಳನ್ನೂ ಸಾಗಿಸುವ ಪಿಕಪ್ ಜೀಪುಗಳಿಗೆ ಅಲ್ಲಿ ಮೊದಲ ಸರದಿ. ಸೆಪ್ಟೆಂಬರ್ ಮೊದಲ ವಾರದಲ್ಲಿ ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ಒಂದು ದಿನ ಬಾಗಿಲು ಮುಚ್ಚಿರುತ್ತದೆ. ಅಂದು ಪೂಜೆಗೆಂದು ಒರೆಸಿ ಹೂವಿಟ್ಟ ಸ್ಪ್ಯಾನರುಗಳ ಸಾಲು ಕಿಟಕಿಯಿಂದಲೇ ಕಾಣುತ್ತದೆ.